ಪುಟ್ಟಿ, ಯೂರಿಯಾ ಹಾಕಬೇಡ ತಾಯಿ

ಪುಟ್ಟಿ, ಚಿಕ್ಕಪ್ಪ ಮಾತಾಡುತ್ತಿದ್ದೇನೆ. ಕೈಯೆಲ್ಲ ಮಣ್ಣು, ಟೈಪ್ ಮಾಡೋಕೆ ಆಗಲ್ಲ, ಅದಕ್ಕೇ ವಾಯ್ಸ್. ಸ್ವಲ್ಪ ಉದ್ದ ಆದೀತು.

ಬಳ್ಳಾರಿಯ ತಾರಸಿ ಮೇಲೆ ಟೊಮೆಟೊ ಎದೆಮಟ್ಟ ಬೆಳೆದಿದೆ, ಹೂ ಬಿಡುತ್ತಿದೆ, ಒಂದೂ ಕಾಯಿ ಕಚ್ಚುತ್ತಿಲ್ಲ, ಯೂರಿಯಾ ಹಾಕಲಾ ಅಂತ ಕೇಳಿದ್ದೀಯಲ್ಲ? ಬೇಡವೇ ಬೇಡ. ಸೊಪ್ಪು ಜಾಸ್ತಿ ಆಗುತ್ತದೆ ಅಷ್ಟೆ. ಗಿಡಕ್ಕೆ ಹಸಿವಿಲ್ಲ, ಸೆಕೆ.

ಉದುರಿದ ಹೂವನ್ನು ಕೈಗೆತ್ತಿಕೊಂಡು ನೋಡು. ತೊಟ್ಟಿನ ನಡುವೆ ಸಣ್ಣ ಗಂಟಿರುತ್ತದಲ್ವಾ, ಅಲ್ಲಿಗೇ ಕಳಚಿರುತ್ತದೆ. ಯಾವ ಹುಳವೂ ಕಡಿದದ್ದಲ್ಲ, ಗಿಡವೇ ಬಿಟ್ಟುಕೊಟ್ಟದ್ದು. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24ಕ್ಕಿಂತ ಕೆಳಗಿಳಿಯದಿದ್ದರೆ ಪರಾಗ ಕೆಲಸಕ್ಕೆ ಬರುವುದಿಲ್ಲ. ಎಲ್ಲರೂ ಬಿಸಿಲನ್ನೇ ಬೈಯುತ್ತಾರೆ. ನನ್ನ ಕೇಳಿದರೆ ರಾತ್ರಿಯದೇ ತಕರಾರು. ನಾನು ಕೊಟ್ಟ ಬೀಜವೇ ಇಲ್ಲಿ ಕೋಲಾರದಲ್ಲಿ ಕಾಯಿ ಬಿಟ್ಟಿದೆ. ನಮ್ಮೂರು ಎತ್ತರದಲ್ಲಿದೆ, ಕತ್ತಲಾದ ಮೇಲೆ ಗಾಳಿ ತಂಪಾಗುತ್ತದೆ. ನಿನ್ನ ತಾರಸಿ ಹಗಲೆಲ್ಲ ಕಾದದ್ದನ್ನು ರಾತ್ರಿಯೆಲ್ಲ ಉಗುಳುತ್ತದೆ. ಒಂಬತ್ತು ಗಂಟೆಗೆ ಬರಿಗಾಲಲ್ಲಿ ನಿಂತು ನೋಡು. ಗಿಡ ನೆಟ್ಟ ಆ ಕಪ್ಪು ಗ್ರೋ ಬ್ಯಾಗುಗಳು ಅದರ ಮೇಲೇ ಕೂತಿವೆ!

ಮೊದಲು ಅವನ್ನು ಇಟ್ಟಿಗೆ ಮೇಲೆ ಎತ್ತಿಡು, ಅಡಿಯಲ್ಲಿ ಗಾಳಿ ಆಡಲಿ. ಸುತ್ತ ಗೋಣಿಚೀಲ ಸುತ್ತು. ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಶೇಂಗಾ ಹೊಟ್ಟು ಹರಡು, ನಿಮ್ಮಲ್ಲಿ ಅದಕ್ಕೇನು ಬರ? ಪಡುವಣದ ಕಡೆ 50 ಪರ್ಸೆಂಟ್ ನೆರಳು ಬಲೆ ಕಟ್ಟು, ಬೆಳಗಿನ ಬಿಸಿಲು ಬೀಳಲಿ.

ನೀರು ಬೆಳಿಗ್ಗೆ ಬೇಗ ಹಾಕು. ಹೋದ ವರ್ಷ ಮಧ್ಯಾಹ್ನ ಎಲೆ ಜೋತುಬಿದ್ದದ್ದು ನೋಡಿ ಪಾಪ ಅನಿಸಿ ಪೈಪ್ ಹಿಡಿದೆ. ಪೈಪಿನಲ್ಲಿ ನಿಂತಿದ್ದ ನೀರು ಸ್ನಾನಕ್ಕೆ ಕಾಯಿಸಿದ ಹಾಗಿತ್ತು. ಎರಡು ಗಿಡ ಹೋದವು. ನಿನ್ನ ಚಿಕ್ಕಮ್ಮ ಇನ್ನೂ ಆಡಿಕೊಳ್ಳುತ್ತಾಳೆ. ಸಂಜೆಗೆ ಎಲೆ ತಾನೇ ನೆಟ್ಟಗಾದರೆ ನೀರು ಸಾಕು ಅಂತಲೇ ಲೆಕ್ಕ. ಒಂದು ದಿನ ಒಣಗಿಸಿ ಮರುದಿನ ಕೆರೆ ಮಾಡಬೇಡ, ಕಾಯಿಯ ತಳ ಕಪ್ಪಾಗುತ್ತದೆ. ಅತ್ತಿಗೆ ಮೊಟ್ಟೆ ಸಿಪ್ಪೆ ಹಾಕು ಅಂದಿದ್ದಾರೆ. ಹಾಕು, ಅವರ ಮಾತು ಯಾಕೆ ಮೀರುತ್ತೀ, ಆದರೆ ಅದು ಕರಗೋಕೆ ತಿಂಗಳುಗಟ್ಟಲೆ ಬೇಕು.

ಬೆಳಿಗ್ಗೆ ಏಳೆಂಟು ಗಂಟೆ ಹೊತ್ತಿಗೆ ಹೂಗೊಂಚಲಿಗೆ ಬೆರಳಲ್ಲಿ ಮೆಲ್ಲಗೆ ತಟ್ಟು, ಪರಾಗ ಉದುರಲಿ. ಇಷ್ಟಾದರೂ ಮೇ ತಿಂಗಳಲ್ಲಿ ಬುಟ್ಟಿ ತುಂಬಾ ಸಿಗುತ್ತದೆ ಅಂತ ಸುಳ್ಳು ಹೇಳಲ್ಲ. ಗಿಡ ಉಳಿಸಿಕೋ. ಮಳೆ ಬಿದ್ದು ತಂಪಾದಾಗ ಮೊಣಕಾಲೆತ್ತರಕ್ಕೆ ಕತ್ತರಿಸು, ಚಿಗುರಿ ಕಾಯಿ ಬಿಡುತ್ತದೆ.

ಇನ್ನೊಂದು. ಮೂಲೆಯ ಗಿಡದ ಎಲೆ ಮುದುಡಿದೆಯಲ್ಲ, ಅದು ಸೆಕೆಗೆ ಅಲ್ಲ ಅನಿಸುತ್ತಿದೆ. ಎಲೆ ಮಗುಚಿ ಫೋಟೊ ಕಳಿಸು. ಬಿಳಿ ನೊಣ ಕೂತಿದ್ದರೆ ಅದು ಹರಡೋ ಮುದುಡು ರೋಗವೇ ಇರಬೇಕು. ಆ ಒಂದು ಗಿಡ ಕಿತ್ತುಬಿಡೋಣ, ಪಕ್ಕದವಕ್ಕೆ ಹತ್ತೋ ಮೊದಲು.