ಸಾಲಕ್ಕೆ ಜಲಮಂಡಳಿಯ ನಿರ್ಣಯ ಒಂದೇ ಸಾಕಾ?

ಕೊಳಾಯಿಕಟ್ಟೆ:
ನೀರು ಸರಬರಾಜು ಯೋಜನೆಗೆ 200 ಕೋಟಿ ರೂ. ಸಾಲ ಎತ್ತಲು ಮಂಡಳಿ ಸಭೆಯಲ್ಲಿ ನಿರ್ಣಯ ಆಗಿದೆ ಅಂದುಕೊಳ್ಳಿ. ಬ್ಯಾಂಕಿನವರು ‘ಸರ್ಕಾರದ ಆದೇಶ ತನ್ನಿ’ ಅಂತಾರೆ. ಬೆಂಗಳೂರು ಜಲಮಂಡಳಿಯಂಥ ಸಂಸ್ಥೆಗೆ ತನ್ನದೇ ಕಾಯ್ದೆ ಇದ್ದರೂ ಯಾಕೆ ಹೀಗೆ? ಮಂಡಳಿ ಕಟ್ಟದಿದ್ದರೆ ತಾನು ಕಟ್ಟುತ್ತೇನೆ ಎಂಬ ಸರ್ಕಾರದ ಖಾತರಿ ಕೇಳದಿದ್ದರೂ ಆದೇಶ ಬೇಕೇ? ಘಟನೋತ್ತರ ಅನುಮೋದನೆ, ಅಂದರೆ ಸಾಲ ಎತ್ತಿದ ಮೇಲೆ ಪಡೆಯುವ ಒಪ್ಪಿಗೆ, ನಡೆಯುತ್ತದೆಯೇ?

ನೀರುಗಂಟಿ:
ಆ ಕಾಯ್ದೆಯೇ ಕಡಿವಾಣ. ಬೆಂಗಳೂರು ಜಲಮಂಡಳಿಯ 1964ರ ಕಾಯ್ದೆ ಸಾಲ ಎತ್ತುವ ಅಧಿಕಾರ ಕೊಡುತ್ತದೆ, ಆದರೆ ಸರ್ಕಾರದ ಪೂರ್ವ ಮಂಜೂರಾತಿಯ ಮೇಲೆ. ಶಾಸನದಿಂದ ಹುಟ್ಟಿದ ಮಂಡಳಿಗೆ ಶಾಸನ ಕೊಟ್ಟಷ್ಟೇ ಅಧಿಕಾರ; ಸಭೆಯಲ್ಲಿ ಎಲ್ಲರೂ ಕೈ ಎತ್ತಿದರೂ ಅದು ಹಿಗ್ಗುವುದಿಲ್ಲ. ಖಾತರಿಗೂ ಇದಕ್ಕೂ ಸಂಬಂಧವಿಲ್ಲ. ಅದು ಬೇರೆ ಕಡತ, ಬೇರೆ ಆದೇಶ.

ಘಟನೋತ್ತರದ ವಿಚಾರಕ್ಕೆ ಬಂದರೆ, ಕಾಯ್ದೆ ಬರೀ ‘ಅನುಮೋದನೆ’ ಎಂದಿದ್ದರೆ ಆಮೇಲೆ ಪಡೆದೆವು ಎಂದು ವಾದಿಸಲು ಜಾಗ ಇರುತ್ತದೆ. ‘ಪೂರ್ವ’ ಎಂಬ ಪದ ಬಿದ್ದ ಕಡೆ ಆ ಜಾಗ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಬ್ಯಾಂಕಿನ ಅಂಜಿಕೆ ಇದೇ. ಒಪ್ಪಂದ ಅಸಿಂಧುವಾದರೆ ಕರಾರು ಕಾಯ್ದೆಯ 65ನೇ ಕಲಮಿನಡಿ ಕೊಟ್ಟ ಹಣ ವಾಪಸ್ ಕೇಳಬಹುದು, ಆದರೆ ಒಪ್ಪಂದದಲ್ಲಿ ಬರೆದ ಬಡ್ಡಿ, ದಂಡಬಡ್ಡಿಗೆ ಆಧಾರವೇ ಕುಸಿಯುತ್ತದೆ.

ನಿರ್ಣಯದಲ್ಲಿ ‘ಸರ್ಕಾರದ ಪೂರ್ವ ಮಂಜೂರಾತಿಗೆ ಒಳಪಟ್ಟು’ ಎಂದು ಬರೆಸಿ. ಮೊತ್ತ, ಉದ್ದೇಶ, ಬಡ್ಡಿಯ ಮೇಲ್ಮಿತಿ, ಅವಧಿ, ಮರುಪಾವತಿಯ ಮೂಲ, ಐದೂ ಇರಲಿ. ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಇಲ್ಲೇ: ಮಂಜೂರಾದದ್ದು ಒಂದು ಬಡ್ಡಿಗೆ, ಸಹಿ ಬಿದ್ದದ್ದು ಇನ್ನೊಂದಕ್ಕೆ. ಷರತ್ತು ಬದಲಾದರೆ ಕಡತ ಮತ್ತೆ ನಗರಾಭಿವೃದ್ಧಿ ಇಲಾಖೆ, ಅಲ್ಲಿಂದ ಆರ್ಥಿಕ ಇಲಾಖೆಗೆ ಹೋಗಲೇಬೇಕು.

ಜಮಾಖರ್ಚು:
ಖಾತರಿ ಕೇಳಿದರೆ 1999ರ ಕರ್ನಾಟಕ ಸರ್ಕಾರಿ ಖಾತರಿಗಳ ಮಿತಿ ಕಾಯ್ದೆ ಬರುತ್ತದೆ. ಬಾಕಿ ಇರುವ ಒಟ್ಟು ಖಾತರಿ, ಹಿಂದಿನ ಎರಡನೇ ವರ್ಷದ ರಾಜ್ಯದ ರಾಜಸ್ವ ಜಮೆಯ (ತೆರಿಗೆ ಮುಂತಾದ ವರಮಾನದ) ಶೇ. 80 ಮೀರುವಂತಿಲ್ಲ. ಖಾತರಿಗೆ ಸರ್ಕಾರ ಪಡೆಯುವ ಕಮಿಷನ್ ಕನಿಷ್ಠ ಶೇ. 1, ಮನ್ನಾ ಮಾಡುವಂತಿಲ್ಲ. 200 ಕೋಟಿಗೆ ಅದೇ 2 ಕೋಟಿ. ಡಿಪಿಆರ್‌ನ (ವಿವರವಾದ ಯೋಜನಾ ವರದಿಯ) ಖರ್ಚಿನ ಪಟ್ಟಿಯಲ್ಲಿ ಇದನ್ನು ಮರೆಯುವವರೇ ಹೆಚ್ಚು.

ದರದ ಲೆಕ್ಕವೂ ಹಾಗೆಯೇ. ‘ವರ್ಷಕ್ಕೆ ಇಷ್ಟು ನೀರಿನ ದರ ಏರುತ್ತದೆ, ಅದರಿಂದ ಕಂತು ಕಟ್ಟುತ್ತೇವೆ’ ಎಂದು ಕೋಷ್ಟಕ ಹಾಕುವುದು ಸುಲಭ. ಬೆಂಗಳೂರಿನಲ್ಲಿ 2014ರಲ್ಲಿ ಏರಿದ ದರ ಮತ್ತೆ ಏರಿದ್ದು 2025ರ ಏಪ್ರಿಲ್‌ನಲ್ಲಿ.

ಕೊಳಾಯಿಕಟ್ಟೆ:
ಸಂವಿಧಾನದ 293(3)ರಂತೆ ಕೇಂದ್ರದ ಒಪ್ಪಿಗೆಯೂ ಬೇಕು ಅಂತ ಒಬ್ಬರು ಹೇಳಿದರು. ಹಾಗಾದರೆ ಜಪಾನಿನ ನೆರವು ಸಂಸ್ಥೆ ಜೈಕಾದ ಸಾಲಕ್ಕೆ ಮಂಡಳಿಯೇ ಸಹಿ ಹಾಕಿದ್ದಲ್ಲವೇ?

ನೀರುಗಂಟಿ:
ಕೇಂದ್ರದ ಸಾಲ ಬಾಕಿ ಇರುವಾಗ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಬೇಕೆನ್ನುವ 293(3) ಅನ್ವಯಿಸುವುದು ರಾಜ್ಯಕ್ಕೆ, ಮಂಡಳಿಗಲ್ಲ.

ಜಮಾಖರ್ಚು:
ಕಾನೂನಿನ ಅಕ್ಷರಕ್ಕೆ ಅದು ಸರಿ, ಲೆಕ್ಕಕ್ಕೆ ಅರ್ಧ ಸರಿ. ಅಸಲನ್ನೋ ಬಡ್ಡಿಯನ್ನೋ ರಾಜ್ಯ ಬಜೆಟ್‌ನಿಂದ ಕಟ್ಟುವುದಾದರೆ, 2022ರಿಂದ ಕೇಂದ್ರ ಅದನ್ನು ರಾಜ್ಯದ್ದೇ ಸಾಲ ಎಂದು ಎಣಿಸಿ ಸಾಲದ ಮಿತಿಯಲ್ಲಿ ಮುರಿದುಕೊಳ್ಳುತ್ತದೆ. ಕರ್ನಾಟಕದ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಗೂ 2014ರ ತಿದ್ದುಪಡಿಯಲ್ಲಿ ಬಜೆಟ್ ಹೊರಗಿನ ಇಂಥ ಸಾಲ ಒಟ್ಟು ಹೊಣೆಯೊಳಗೆ ಬಂತು. ಮರುಪಾವತಿಯ ಮೂಲವನ್ನು ನಿರ್ಣಯದಲ್ಲೇ ಬರೆಸಿ ಅಂತ ಮೇಲೆ ಹೇಳಿದ್ದು ಸುಮ್ಮನೆ ಅಲ್ಲ. ಮಂಡಳಿಯ ಸ್ವಂತ ವರಮಾನದಿಂದಲೋ, ಬಜೆಟ್ ನೆರವಿನಿಂದಲೋ ಎಂಬ ಒಂದು ಸಾಲಿನ ಮೇಲೆ ಆರ್ಥಿಕ ಇಲಾಖೆಯ ಉತ್ತರ ನಿಂತಿರುತ್ತದೆ.

ಜೈಕಾ ವಿಚಾರ: ಬೆಂಗಳೂರಿಗೆ ನೀರು ತರುವ ಕಾವೇರಿ 5ನೇ ಹಂತಕ್ಕೆ 2018ರ ಜನವರಿಯಲ್ಲಿ ಆದ 4,500 ಕೋಟಿ ಯೆನ್ ಒಪ್ಪಂದದಲ್ಲಿ ಸಾಲಗಾರ ಭಾರತ ಸರ್ಕಾರ. ಜಲಮಂಡಳಿ ಅನುಷ್ಠಾನ ಸಂಸ್ಥೆ ಮಾತ್ರ. ರಾಜ್ಯಕ್ಕೇ 293(1) ಭಾರತದೊಳಗಿನ ಸಾಲದ ಅಧಿಕಾರವನ್ನಷ್ಟೇ ಕೊಟ್ಟಿದೆ, ಆದ್ದರಿಂದ ಹೊರದೇಶದ ಹಣ ದೆಹಲಿಯ ಮೂಲಕವೇ ಬರಬೇಕು.

ನೀರುಗಂಟಿ:
ಒಪ್ಪಿದೆ. ಇನ್ನೊಂದು ಮಾತು, ಕಾಯ್ದೆಯ ಉದ್ದೇಶಕ್ಕಷ್ಟೇ ಸಾಲ. ಪೈಪ್‌ಲೈನಿಗೆಂದು ಮಂಜೂರಾದದ್ದನ್ನು ವಿದ್ಯುತ್ ಬಿಲ್ ಬಾಕಿಗೆ ತಿರುಗಿಸಬೇಡಿ, ಪ್ರತ್ಯೇಕ ಖಾತೆ ಇಡಿ. ಮತ್ತೆ, ಮಂಜೂರಾತಿ ಆದೇಶ ಕೈಗೆ ಬರುವವರೆಗೆ ಗುತ್ತಿಗೆದಾರರಿಗೆ ಕಾರ್ಯಾದೇಶ ಕೊಡಬೇಡಿ. ಸಾಲ ನಿಂತರೂ ಅವರ ಬಿಲ್ಲು ನಿಲ್ಲುವುದಿಲ್ಲ.