ಪದಚರ್ಚೆ: ಹಳೆಯ ಫ್ರಾನ್ಸಿನ ‘ಪ್ರಿವಿಲೇಜ್’ಗೆ ‘ಸವಲತ್ತು’ ಸಾಕೇ?

ಎಲ್ಲರಿಗೂ ನಮಸ್ಕಾರ.

1789ರ ಕ್ರಾಂತಿಗೆ ಮುಂಚಿನ ಫ್ರಾನ್ಸಿನ ಸಮಾಜವನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪ್ರಿವಿಲೇಜ್’, ‘ಎಸ್ಟೇಟ್’ ಎಂಬ ಎರಡು ಪದಗಳು ವಾರದಿಂದ ಕಾಡುತ್ತಿವೆ.

ಮೊದಲನೆಯದಕ್ಕೆ ‘ಸವಲತ್ತು’ ಎಂದು ಬರೆದು ಹೊಡೆದುಹಾಕಿದೆ. ನೌಕರರಿಗೆ ರಜೆ, ಭತ್ಯೆ ಸಿಗುವುದು ಸವಲತ್ತು. ಪ್ರಿವಿಲೇಜ್ ಪದದ ಲ್ಯಾಟಿನ್ ಮೂಲದಲ್ಲಿ ‘ಲೆಕ್ಸ್’, ಅಂದರೆ ಕಾನೂನು, ಇದೆ: ಒಬ್ಬರಿಗೋ ಒಂದು ಗುಂಪಿಗೋ ಸಲ್ಲುವ ಪ್ರತ್ಯೇಕ ಕಾನೂನು. ಮರಣದಂಡನೆಯಲ್ಲೂ ಅದು ಕಾಣುತ್ತಿತ್ತು. ಕುಲೀನನಿಗೆ ಶಿರಚ್ಛೇದ, ಸಾಮಾನ್ಯನಿಗೆ ನೇಣು. ಇದನ್ನು ಸವಲತ್ತು ಎನ್ನಲು ಮನಸ್ಸು ಒಪ್ಪುವುದಿಲ್ಲ.

ಅದು ಕುಲೀನರ ಸೊತ್ತು ಮಾತ್ರವೂ ಆಗಿರಲಿಲ್ಲ. ಉಪ್ಪನ್ನೇ ನೋಡಿ. ಬ್ರಿಟನಿ ಪ್ರಾಂತ್ಯಕ್ಕೆ ‘ಗಾಬೆಲ್’ ಎಂಬ ಉಪ್ಪಿನ ತೆರಿಗೆ ಇರಲಿಲ್ಲ. ಪಕ್ಕದ ಮೇನ್ ಪ್ರಾಂತ್ಯದಲ್ಲಿ ಎಂಟು ವರ್ಷ ದಾಟಿದವರ ತಲೆ ಎಣಿಸಿ, ಇಷ್ಟು ಉಪ್ಪನ್ನು ದುಬಾರಿ ಬೆಲೆಗೆ ಕೊಳ್ಳಲೇಬೇಕು ಎಂಬ ಕಟ್ಟಳೆ. ಗಡಿಯಲ್ಲಿ ಕಳ್ಳಸಾಗಣೆಗೆ ನಾಯಿಗಳನ್ನೂ ಪಳಗಿಸಿದ್ದರು. ಬೆನ್ನಿಗೆ ಉಪ್ಪು ಕಟ್ಟಿ ಬಿಟ್ಟರೆ ಅವು ಗಡಿ ದಾಟಿ ಮನೆ ಸೇರುತ್ತಿದ್ದವು. ಅಂದರೆ ಬ್ರಿಟನಿಯ ಬಡ ರೈತನಿಗೂ ಪ್ರಿವಿಲೇಜ್ ಇತ್ತು! 1789ರ ಆಗಸ್ಟ್ 4ರ ರಾತ್ರಿ, ಕ್ರಾಂತಿಯ ರಾಷ್ಟ್ರೀಯ ಸಭೆಯಲ್ಲಿ, ಕುಲೀನರ ಜೊತೆಗೆ ಪ್ರಾಂತ್ಯಗಳ, ನಗರಗಳ ಪ್ರತಿನಿಧಿಗಳೂ ತಮ್ಮ ತಮ್ಮ ಪ್ರಿವಿಲೇಜ್ ಬಿಟ್ಟುಕೊಟ್ಟದ್ದು ಇದಕ್ಕೇ.

ನಮ್ಮ ಶಾಸನಗಳ ‘ಸರ್ವಮಾನ್ಯ’ ನೆನಪಾಯಿತು. ತೆರಿಗೆ ವಿನಾಯಿತಿಯ ಮಟ್ಟಿಗೆ ಸೊಗಸಾಗಿ ಹೊಂದುತ್ತದೆ, ಆದರೆ ಅದು ದತ್ತಿಬಿಟ್ಟ ಭೂಮಿಯ ಮಾತು. ನೇಣು, ಶಿರಚ್ಛೇದಗಳಿಗೆ ಎಟಕುವುದಿಲ್ಲ. ಸದ್ಯಕ್ಕೆ ‘ವಿಶೇಷ ಹಕ್ಕು’ ಎಂದಿಟ್ಟಿದ್ದೇನೆ. ಪತ್ರಿಕೆಗಳ ‘ಹಕ್ಕುಚ್ಯುತಿ’ಯಲ್ಲಿ ಈ ಅರ್ಥದ ಎಳೆ ಉಳಿದಿದೆಯಲ್ಲ! (‘ಕೊರ್ವೆ’ಗೆ ಮಾತ್ರ ತಡಕಾಡಬೇಕಾಗಲಿಲ್ಲ: ಕೂಲಿಯಿಲ್ಲದೆ ರಸ್ತೆ ಕೆಲಸಕ್ಕೆ ಎಳೆದೊಯ್ಯುವುದು ನಮ್ಮ ‘ಬಿಟ್ಟಿ’ಯೇ.)

ಇನ್ನು ‘ಎಸ್ಟೇಟ್’. ಪಾದ್ರಿಗಳು, ಕುಲೀನರು, ಉಳಿದವರೆಲ್ಲ ಎಂದು ಆ ಸಮಾಜವನ್ನು ವಿಂಗಡಿಸಿದ್ದ ಮೂರು ಭಾಗಗಳಲ್ಲಿ ಒಂದೊಂದೂ ಒಂದು ಎಸ್ಟೇಟ್. ಹಾಗೆಯೇ ಬಿಟ್ಟರೆ ಕನ್ನಡ ಓದುಗರಿಗೆ ಕಾಫಿ ತೋಟ ಕಣ್ಣಿಗೆ ಬರುತ್ತದೆ. ‘ವರ್ಗ’ ಬಳಕೆಯಲ್ಲಿದೆ, ಆದರೆ ಆರ್ಥಿಕ ವರ್ಗಕ್ಕೂ ಅದೇ ಪದ ಬೇಕಲ್ಲ? ಪಾದ್ರಿಗಳ ಮೊದಲ ಎಸ್ಟೇಟಿನಲ್ಲಿ ಅರಮನೆವಾಸಿ ಬಿಷಪ್ ಇದ್ದ. 1786ರಲ್ಲಿ ಸಂಬಳ ಏರಿಸಿದ ಮೇಲೂ ವರ್ಷಕ್ಕೆ, ಆಗಿನ ಫ್ರೆಂಚ್ ಹಣದಲ್ಲಿ, 700 ಲಿವ್ರ್‌ನಲ್ಲೇ ದಿನ ದೂಡುವ ಹಳ್ಳಿಯ ಪಾದ್ರಿಯೂ ಇದ್ದ. ಮೂರನೆಯದರಲ್ಲಿ ಬೋರ್ಡೋ ನಗರದ ಸಿರಿವಂತ ವರ್ತಕನೂ ತುಂಡು ಭೂಮಿಯಿಲ್ಲದ ಕೂಲಿಯೂ ಒಟ್ಟಿಗಿದ್ದರು. ‘ಅಂತಸ್ತು’ ಅರ್ಥದಲ್ಲಿ ಬಹಳ ಹತ್ತಿರ. ಆದರೆ ‘ಮೂರನೆಯ ಅಂತಸ್ತು’ ಎಂದರೆ ಕಟ್ಟಡದ ಮಹಡಿಯಾಗಿಬಿಡುತ್ತದೆ.

ಹುಟ್ಟು, ವೃತ್ತಿ, ಕಾನೂನಿನ ಸ್ಥಾನ ಮೂರನ್ನೂ ಸೂಚಿಸುವ, ‘ಮೂರನೆಯ’ ಎಂಬುದರ ಜೊತೆಗೆ ಸಲೀಸಾಗಿ ಕೂರುವ ಪದ ಯಾರಿಗಾದರೂ ಹೊಳೆಯುತ್ತದೆಯೇ? ಹಳಗನ್ನಡದ್ದಾದರೂ ಸರಿ.