ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’: ಹೊರಳುವಿಕೆಯೋ, ವೇಷವೋ?

ಪ್ರಶ್ನೆ:
ಅಮೆರಿಕದ ಗಾಯಕಿ ಬಿಯಾನ್ಸೆಯ 2022ರ ‘ರಿನೈಸಾನ್ಸ್’ ಆಲ್ಬಮ್‌ನ ಕುಣಿತದ ಹಾಡುಗಳಿಗೆ ಮನಸೋತಿದ್ದ ನನಗೆ, ಅದರ ಮುಂದಿನ ಭಾಗವಾಗಿ 2024ರ ಮಾರ್ಚ್‌ನಲ್ಲಿ ಬಂದ ‘ಕೌಬಾಯ್ ಕಾರ್ಟರ್’ ಇನ್ನೂ ಪೂರ್ತಿ ಒಗ್ಗಿಲ್ಲ. ಒಂದೆಡೆ ಬ್ಯಾಂಜೊ, ಇನ್ನೊಂದೆಡೆ ರ‍್ಯಾಪ್, ‘ಡಾಟರ್’ ಹಾಡಿನ ನಡುವೆ ಇದ್ದಕ್ಕಿದ್ದಂತೆ ‘ಕಾರೊ ಮಿಯೊ ಬೆನ್’ ಎಂಬ ಹಳೆಯ ಇಟಾಲಿಯನ್ ಗೀತೆ. ಇದು ಕಂಟ್ರಿ (ಅಮೆರಿಕದ ಹಳ್ಳಿಹಾಡುಗಳಿಂದ ಬೆಳೆದ ಸಂಗೀತ ಪ್ರಕಾರ) ಆಲ್ಬಮ್ ಅಲ್ಲ, ಬಿಯಾನ್ಸೆ ಆಲ್ಬಮ್ ಎಂದು ಅವರೇ ಹೇಳಿದ್ದರೂ 2025ರಲ್ಲಿ ಅತ್ಯುತ್ತಮ ಕಂಟ್ರಿ ಆಲ್ಬಮ್‌ನ ಗ್ರ್ಯಾಮಿ ಇದಕ್ಕೇ ಸಂದಿತು. ಇದು ಕಲಾವಿದೆಯೊಬ್ಬರ ನಿಜವಾದ ಹೊರಳುವಿಕೆಯೇ, ಅಥವಾ ಟೋಪಿ, ಬೂಟುಗಳ ವೇಷವೇ?

ಉತ್ತರ 1:
ವೇಷವೆನ್ನುವ ಮೊದಲು ಬ್ಯಾಂಜೊ ಎಲ್ಲಿಂದ ಬಂತೆಂದು ನೋಡಬೇಕು. ಪಶ್ಚಿಮ ಆಫ್ರಿಕದ ತಂತಿವಾದ್ಯಗಳ ನೆನಪು ಹೊತ್ತು ಬಂದ ಗುಲಾಮರು ಸೋರೆಬುರುಡೆಗೆ ತೊಗಲು ಬಿಗಿದು ಮಾಡಿಕೊಂಡ ವಾದ್ಯವದು. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಕಪ್ಪು ಜನರ ಹಾಡುಗಳನ್ನು ‘ರೇಸ್ ರೆಕಾರ್ಡ್ಸ್’ ಎಂದೂ ಬಿಳಿಯರ ಹಳ್ಳಿಹಾಡುಗಳನ್ನು ‘ಹಿಲ್‌ಬಿಲಿ’ ಎಂದೂ ಬೇರ್ಪಡಿಸಿ ಮಾರಿದ್ದರಿಂದ, ಕಂಟ್ರಿ ಎಂದರೆ ಬಿಳಿಯರದ್ದು ಎಂಬ ಭಾವನೆ ಬೇರೂರಿತು. ಈ ಆಲ್ಬಮ್‌ನ ‘ಟೆಕ್ಸಾಸ್ ಹೋಲ್ಡ್ ಎಮ್’ ಹಾಡಿನಲ್ಲಿ ಬ್ಯಾಂಜೊ ನುಡಿಸಿರುವ ರಿಯಾನನ್ ಗಿಡೆನ್ಸ್ ಈ ಚರಿತ್ರೆಯನ್ನೇ ವರ್ಷಗಳಿಂದ ಹೇಳುತ್ತ ಬಂದವರು, ಆ ಆಯ್ಕೆ ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಬಿಯಾನ್ಸೆ ಸ್ವತಃ ಟೆಕ್ಸಾಸಿನ ಹ್ಯೂಸ್ಟನ್‌ನವರು. 1969ರಲ್ಲಿ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಹೆಸರಾಂತ ಕಂಟ್ರಿ ವೇದಿಕೆಯಲ್ಲಿ ಹಾಡಿ, 1970ರಲ್ಲಿ ಒಂದೇ ಒಂದು ಆಲ್ಬಮ್ ಹೊರತಂದು ಬದಿಗೆ ಸರಿಯಬೇಕಾಗಿ ಬಂದ ಕಪ್ಪು ಕಂಟ್ರಿ ಗಾಯಕಿ ಲಿಂಡಾ ಮಾರ್ಟೆಲ್ ಅವರನ್ನು, ಎಂಬತ್ತು ದಾಟಿದ ಮೇಲೆ ಈ ಆಲ್ಬಮ್‌ಗೆ ಕರೆತಂದು ಸಂಗೀತ ಪ್ರಕಾರಗಳ ಬಗ್ಗೆ ಮಾತಾಡಿಸಿದ್ದಾರೆ. ಆ ಮಾತು ಮುಗಿಯುತ್ತಿದ್ದಂತೆ ಶುರುವಾಗುವುದು ಕಂಟ್ರಿಯಲ್ಲ, ರ‍್ಯಾಪ್!

ಉತ್ತರ 2:
ಚರಿತ್ರೆಯ ಮಾತು ಒಪ್ಪುತ್ತೇನೆ, ಆದರೆ ಚರಿತ್ರೆ ಸರಿಯಿದ್ದ ಮಾತ್ರಕ್ಕೆ ಆಲ್ಬಮ್ ಬಿಗಿಯಾಗುವುದಿಲ್ಲ. 27 ತುಣುಕುಗಳು, ಒಂದೂಕಾಲು ಗಂಟೆಗೂ ಹೆಚ್ಚು ಕಾಲ. ಹಿರಿಯ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ರೇಡಿಯೊ ನಿರೂಪಕರಾಗಿ ಬಂದುಹೋಗುವುದು ಮೊದಲ ಸಲ ಸೊಗಸು, ಮೂರನೆಯ ಸಲ ಕೇಳುವಾಗ ದಾಟಿಸಿಬಿಡುತ್ತೇನೆ. ‘ಜೋಲೀನ್’ ಹಾಡಿನಲ್ಲಂತೂ ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ಅವರ ಮೂಲದಲ್ಲಿದ್ದ, ನನ್ನವನನ್ನು ಕಸಿಯಬೇಡವೆಂದು ಇನ್ನೊಬ್ಬಳನ್ನು ಬೇಡುವ ಅಂಗಲಾಚಿಕೆಯನ್ನು ಬೆದರಿಕೆಯಾಗಿಸಿದ್ದಾರೆ. ಅಲ್ಲಿಗೆ ಹಾಡಿನ ಜೀವವೇ ಆಗಿದ್ದ ಅಸಹಾಯಕತೆ ಹೋಯಿತು. ಹೊಸತು ಮಾಡಿದ್ದಾರೆ, ನಿಜ, ಆದರೆ ನಷ್ಟವೂ ಆಗಿದೆ. ಇದಕ್ಕಿಂತ ಬಿಯಾನ್ಸೆಯವರದೇ 2016ರ ‘ಡ್ಯಾಡಿ ಲೆಸನ್ಸ್’ ಒಂದೇ ಹಾಡು ಹೆಚ್ಚು ಹೇಳಿತ್ತು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರ ಮರುಮಾತು:
ಇಬ್ಬರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ‘ಬ್ಲ್ಯಾಕ್‌ಬರ್ಡ್’ ಒಂದನ್ನೇ ನಾಲ್ಕು ಸಲ ಕೇಳಿದೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯವರ 1968ರ ಧ್ವನಿಮುದ್ರಣದ ಗಿಟಾರನ್ನೂ ನೆಲಕ್ಕೆ ಪಾದ ಬಡಿಯುವ ಸದ್ದನ್ನೂ ಹಾಗೆಯೇ ಉಳಿಸಿಕೊಂಡು, ಅದರ ಮೇಲೆ ಬಿಯಾನ್ಸೆ ನಾಲ್ವರು ಕಪ್ಪು ಕಂಟ್ರಿ ಗಾಯಕಿಯರ ಕಂಠಗಳನ್ನು ತಮ್ಮ ಕಂಠದೊಂದಿಗೆ ಹೆಣೆದಿದ್ದಾರೆ. ‘ಜೋಲೀನ್’ ಬಗ್ಗೆ ಎರಡನೆಯವರ ಮಾತು ನನಗೂ ಸರಿಯೆನಿಸುತ್ತದೆ. ಆದರೆ ವೇಷವೆಂಬ ಪದವನ್ನು ಹಿಂತೆಗೆದುಕೊಳ್ಳುತ್ತೇನೆ. ವೇಷ ಹಾಕಲು ಬಂದವರು ಬೇರೆ ನಾಲ್ವರಿಗೆ ಹೀಗೆ ಮೈಕು ಬಿಟ್ಟುಕೊಡುವುದಿಲ್ಲ.